ಶಂಭುಲಿಂಗ ಮಾಸ್ತರನ ಸಣ್ಣ ಕಾರು

ಶಂಭುಲಿಂಗ ಮಾಸ್ತರನ ಬಗ್ಗೆ ಊರಲ್ಲಿ ಈಗ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಕಾಲು ಕಳೆದುಕೊಂಡವನಿಗೆ ಹಾಗೆ ಅನ್ನುವುದು ರೂಢಿ. ನಾನು ಅನ್ನುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನ ಒಳಗೆ, ಹರಾಜಿನ ಶೆಡ್ಡಿನ ಮಗ್ಗುಲಿಗೆ ಗೋಣಿಚೀಲದ ಅಂಗಡಿ ಇಟ್ಟುಕೊಂಡು ಕೂತವಳು ನಾನು, ಬಿಸ್ಮಿಲ್ಲಾಬಿ. ಹರಿದ ಚೀಲ ಹೊಲಿದು ಮಾರುವವಳಿಗೆ ಕಣ್ಣು ಚುರುಕಿರಬೇಕು, ಬಾಯಿ ಅದಕ್ಕಿಂತ ಚುರುಕಿರಬೇಕು. ನನಗೆ ಎರಡೂ ಇವೆ. ಆತ ಮಾಡಿದ್ದನ್ನು ಅಂಗಡಿಯಲ್ಲಿ ಕೂತೇ ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮಾಸ್ತರ ಅಂದರೆ ಸಾಲಿ ಮಾಸ್ತರನಲ್ಲ, ಕಾರು ಕಲಿಸುವ ಮಾಸ್ತರ. ಮೀಸೆ ಮೂಡುವ ಮೊದಲೇ ಮೆಣಸಿನಕಾಯಿ ಲಾರಿಯ ಕ್ಲೀನರ್ ಆಗಿ ಕೊಚ್ಚಿಯ ದಾರಿ ಹಿಡಿದವನು. ಆ ಲಾರಿಯ ಡ್ರೈವರ್ ಆತನಿಗೆ ಗೇರು ಕಲಿಸಿದ್ದು ಸ್ಪ್ಯಾನರ್ ಹಿಡಿದು. ತಪ್ಪಿದರೆ ಮಂಡಿಗೆ ಒಂದು ಬಿಗಿಯುತ್ತಿದ್ದನಂತೆ. ಮುಂದೆ ತಾನೇ ಡ್ರೈವರ್ ಆಗಿ ವರ್ಷಗಟ್ಟಲೆ ಲಾರಿ ಓಡಿಸಿದ. ಸಕ್ಕರೆ ಕಾಯಿಲೆ ಹತ್ತಿದ ಮೇಲೆ ದೂರದ ದಾರಿ ಬಿಟ್ಟು, ಒಂದು ಹಳೇ ಕಾರಿಗೆ ಎರಡೂ ಕಡೆ ಬ್ರೇಕು ಕೂರಿಸಿ ಡ್ರೈವಿಂಗ್ ಸ್ಕೂಲಿನ ಬೋರ್ಡು ಹಾಕಿದ.

"ನನಗ ಸ್ಪ್ಯಾನರ್‌ಲೆ ಹೊಡದು ಕಲಿಸ್ಯಾರ. ನಾ ಬರೇ ಬಾಯೀಲೆ ಹೊಡೀತೇನಿ. ನನ್ನಂಥಾ ಚಲೋ ಮನಶ್ಯಾ ನಿಮಗೆಲ್ಲಿ ಸಿಗಬೇಕು?" ಅಂತ ಆತ ನಗುವಾಗ ಕಲಿಯಲು ಬಂದವರೂ ನಗಬೇಕಾಗುತ್ತಿತ್ತು. ನಗದವರ ಸರದಿ ಮರುದಿನ ಕೊನೆಗೆ ಹೋಗುತ್ತಿತ್ತು.

ಮಳೆಗಾಲದಲ್ಲಿ ನಮ್ಮ ಮಾರುಕಟ್ಟೆ ಬೇರೆಯೇ ಊರು. ಸುಗ್ಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲಿ ನೋಡಿದರೂ ಕೆಂಪು ರಾಶಿ, ಲಾರಿ, ಸೀನು, ಕೂಗಾಟ. ಜೂನ್ ಬಂತೆಂದರೆ ಉಳಿದ ಮಾಲು ಕೋಲ್ಡ್ ಸ್ಟೋರೇಜಿಗೆ ಸೇರಿ, ಹರಾಜಿನ ದೊಡ್ಡ ದೊಡ್ಡ ಶೆಡ್ಡುಗಳು ಬೋಳಾಗುತ್ತವೆ. ಮೇಲೆ ತಗಡು, ಕೆಳಗೆ ನುಣ್ಣನೆಯ ಸಿಮೆಂಟಿನ ನೆಲ. ಕೆಲಸವಿಲ್ಲದ ಹಮಾಲರು ಕಟ್ಟೆಯ ಮೇಲೆ ಸಾಲಾಗಿ ಕೂತು ಎಲೆಅಡಿಕೆ ಮೆಲ್ಲುತ್ತಾ ಯಾರಾದರೂ ಜಾರಿ ಬೀಳುತ್ತಾರೆಯೇ ಅಂತ ಕಾಯುತ್ತಿರುತ್ತಾರೆ. ಮಾಸ್ತರ ಕಾರು ಕಲಿಸುತ್ತಿದ್ದದ್ದು ಆ ಶೆಡ್ಡುಗಳ ನಡುವಿನ ರಸ್ತೆಗಳಲ್ಲಿ.

ಸಣ್ಣ ಕಾರು ಬಂದದ್ದು ದಲಾಲ ನಿಜಲಿಂಗಪ್ಪನ ಕೈಯಿಂದ. ಆ ಮನುಷ್ಯನಿಗೆ ಫೋನಿನಲ್ಲಿ ಕಂಡದ್ದನ್ನೆಲ್ಲ ತರಿಸುವ ಚಟ. ಹಳೇ ಕಾಲದ ವಿದೇಶಿ ಸ್ಪೋರ್ಟ್ಸ್ ಕಾರಿನ ಪಡಿಯಚ್ಚು ಅದು, ನಾಲ್ಕು ಬಾಗಿಲಿನ ಚೌಕ ಮೈಯ ಕಾರು. ಕೆನೆ ಬಣ್ಣ, ಪಕ್ಕದಲ್ಲಿ ಹಸಿರು ಪಟ್ಟೆ, ಮುಂದೆ ನಾಲ್ಕು ದುಂಡು ದೀಪ. ಉದ್ದ ಒಂದು ಮೊಳ. ಬಿಡಿಭಾಗ ಜೋಡಿಸುವ ರಗಳೆಯೇ ಇಲ್ಲ, ಪೆಟ್ಟಿಗೆಯಿಂದ ತೆಗೆದು ಬ್ಯಾಟರಿ ಹಾಕಿದರೆ ಓಡಲು ತಯಾರು. ರಿಮೋಟ್ ಪಿಸ್ತೂಲಿನ ಹಾಗಿತ್ತು. ಬೆರಳಲ್ಲಿ ಎಳೆದರೆ ಕಾರು ಮುಂದೆ ಹೋಗುತ್ತದೆ, ದೂಡಿದರೆ ನಿಲ್ಲುತ್ತದೆ, ಪಕ್ಕದ ಸಣ್ಣ ಚಕ್ರ ತಿರುಗಿಸಿದರೆ ಎಡ ಬಲ. ಆಟಿಗೆ ಅಂತ ಹಗುರಾಗಿ ನೋಡಬೇಡಿ, ಬೈಕಿಗೆ ಸಮ ಓಡುತ್ತಿತ್ತು. ಹೊಟ್ಟೆ ನೆಲಕ್ಕೆ ತಾಗಿದಂತಿದ್ದ ಕಾರು ಅದು, ಮಣ್ಣಿನ ಮೇಲೆ ಉಪಯೋಗವಿಲ್ಲ. ನಮ್ಮ ಹರಾಜು ಶೆಡ್ಡಿನ ನೆಲ ಅದಕ್ಕೆ ಹೇಳಿ ಮಾಡಿಸಿದ್ದು.

ನಿಜಲಿಂಗಪ್ಪ ಮೊದಲ ದಿನವೇ ಮಾಸ್ತರನನ್ನು ಕರೆದು ರಿಮೋಟ್ ಕೈಗಿಟ್ಟ. "ಏ ಡ್ರೈವರ್, ಇದನ್ನ ಒಂದ್ ಸುತ್ತ ಹಾಕಿ ತೋರ್ಸ ನೋಡೂಣು."

ಕಾರು ಹೋಗುವಾಗ ನೆಟ್ಟಗೆ ಹೋಯಿತು. ಆ ತುದಿಯಲ್ಲಿ ತಿರುಗಿ ನಮ್ಮ ಕಡೆ ಬರುವಾಗ ಮಾಸ್ತರ ಎಡಕ್ಕೆ ತಿರುಗಿಸಲು ಹೋದರೆ ಬಲಕ್ಕೆ ತಿರುಗಿ ಕಂಬಕ್ಕೆ ಬಡಿಯಿತು. ಮತ್ತೊಮ್ಮೆ ಹಾಕಿದ, ಮತ್ತೆ ಕಂಬ. ನಿಜಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಹಮಾಲರು ಸೀಟಿ ಹೊಡೆದರು. ಇಷ್ಟು ವರ್ಷ ಘಾಟಿ ಇಳಿಸಿದ ಡ್ರೈವರನ ಕಿವಿ ಕೆಂಪಾದವು. ಆಮೇಲೆ ನಿಜಲಿಂಗಪ್ಪ ಆತನ ಹೆಗಲ ಮೇಲೆ ಕೈಹಾಕಿ ತನ್ನ ಅಂಗಡಿಯೊಳಗೆ ಕರೆದುಕೊಂಡು ಹೋದ. ಹೊರಗೆ ಬಂದ ಮಾಸ್ತರ ಒಂದೂ ತಪ್ಪಿಲ್ಲದೆ ಸುತ್ತಿನ ಮೇಲೆ ಸುತ್ತು ಹಾಕಿದ. ಒಳಗೆ ಏನು ನಡೆಯಿತೋ ನನಗೆ ಆಗ ತಿಳಿಯಲಿಲ್ಲ. ನಿಜಲಿಂಗಪ್ಪನಿಗೆ ಬೇಸರ ಬರಲು ಎಷ್ಟು ಹೊತ್ತು, ವಾರ ಕಳೆಯುವುದರೊಳಗೆ ಕಾರನ್ನು ಮಾಸ್ತರನಿಗೇ ಕೊಟ್ಟುಬಿಟ್ಟ.

ಅಲ್ಲಿಂದ ಮಾಸ್ತರ ಹೊಸ ಕಾಯಿದೆ ತಂದ. ಕಲಿಯಲು ಬಂದವರು ಮೊದಲು ಸಣ್ಣ ಕಾರನ್ನು ಶೆಡ್ಡಿನ ಆ ತುದಿಗೆ ಕಳಿಸಿ, ತಿರುಗಿಸಿ, ಎಲ್ಲೂ ತಾಗಿಸದೆ ವಾಪಸ್ ತರಬೇಕು. ಅಲ್ಲಿಯವರೆಗೆ ದೊಡ್ಡ ಕಾರಿನ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಅದಕ್ಕೆ ಮೊದಲು ಕಸಬರಿಗೆ ಹಿಡಿದು ನೆಲ ಗುಡಿಸಬೇಕು, ಯಾಕೆಂದರೆ ಮೆಣಸಿನ ಬೀಜದ ಮೇಲೆ ಕಾರಿನ ಗಾಲಿ ಜಾರುತ್ತಿತ್ತು. ಸೀನುತ್ತಾ, ಕಣ್ಣೀರು ಒರೆಸುತ್ತಾ ಗುಡಿಸಿ, ರಿಮೋಟ್ ಹಿಡಿದು, ಕಂಬಕ್ಕೆ ಬಡಿದು ಎಲ್ಲರೂ ನಗೆಪಾಟಲಾಗುತ್ತಿದ್ದರು. ಗುತ್ತಲದಿಂದ ಬರುತ್ತಿದ್ದ ಒಬ್ಬ ಗಟ್ಟಿಮುಟ್ಟಾದ ರೈತ ರಿಮೋಟ್ ಎಸೆದು, ಮಾಸ್ತರನ ವಂಶವನ್ನೆಲ್ಲ ಬೈದು ಬಸ್ಸು ಹತ್ತಿದ. ಹಮಾಲರಿಗಂತೂ ಹಬ್ಬ. ಕೆಲವರು ತಾಸುಗಟ್ಟಲೆ ಕಂಬಕ್ಕೆ ಬಡಿಸಿದ ಮೇಲೆ ಮಾಸ್ತರ ದೊಡ್ಡ ಮನಸ್ಸು ಮಾಡಿ ದೊಡ್ಡ ಕಾರಿಗೆ ಬಿಡುತ್ತಿದ್ದ. ಕೆಲವರನ್ನು ಬಿಡುತ್ತಿರಲಿಲ್ಲ. ಯಾರನ್ನು ಬಿಡಬಾರದು ಅನ್ನುವುದು ಆತನಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅರುಣಾಳನ್ನು ಬಿಡಲಿಲ್ಲ.

ಅರುಣಾ ಮೋಟೆಬೆನ್ನೂರಿನ ಕಡೆಯ ಒಂದು ಹಳ್ಳಿಯವಳು. ಗಂಡ ಮನೋಹರ ಇದೇ ಮಾರುಕಟ್ಟೆಯಲ್ಲಿ ಹಮಾಲನಾಗಿದ್ದ, ಚೀಲ ಹೊತ್ತು ಹೊತ್ತು ಬೆನ್ನು ಹೋಗಿ ಈಗ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾನೆ. ಈಕೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಬರುತ್ತಿದ್ದಳು. ಆ ಕೆಲಸ ಮಾಡಿದವರ ಕೈ ಹೇಗಿರುತ್ತದೆ ಗೊತ್ತೇ? ಎಣ್ಣೆ ಸವರಿದರೂ ಉರಿ, ಮಜ್ಜಿಗೆಯಲ್ಲಿ ಅದ್ದಿದರೂ ಉರಿ. ಮಗಳು ಹುಟ್ಟಿ ಇಷ್ಟು ವರ್ಷವಾದರೂ ಕೂಸಿನ ಮುಖ ಒಮ್ಮೆಯೂ ಬರಿಗೈಯಲ್ಲಿ ಒರೆಸಿಲ್ಲ, ಸೆರಗಿನಿಂದಲೇ ಒರೆಸುವುದು. ಇದನ್ನು ಅರುಣಾ ನನ್ನ ಅಂಗಡಿಯಲ್ಲಿ ಕೂತು ಮಾತಿನ ನಡುವೆ ಹೇಳಿದಾಗ ನನ್ನ ಕೈಯಲ್ಲಿದ್ದ ದಬ್ಬಣ ಹಾಗೇ ನಿಂತಿತು.

ಅವರ ಪಂಚಾಯತಿಗೆ ಕಸದ ಗಾಡಿ ಬರುವುದಿತ್ತು. ಅದನ್ನು ಮಹಿಳಾ ಸಂಘದ ಹೆಂಗಸೇ ಓಡಿಸಬೇಕು, ಆಕೆಗೆ ತಿಂಗಳ ಸಂಬಳ. ಸಂಘದವರು ಇಬ್ಬರನ್ನು ಆರಿಸಿ ಮಾಸ್ತರನ ಬಳಿ ಕಳಿಸಿದರು. ಒಬ್ಬಳು ಅರುಣಾ, ಇನ್ನೊಬ್ಬಳು ನಿರ್ಮಲಾ. ನಿರ್ಮಲಾ ಪಂಚಾಯತಿ ಅಧ್ಯಕ್ಷ ಕೊಟ್ರಪ್ಪನ ತಮ್ಮನ ಸೊಸೆ. ಇಬ್ಬರಲ್ಲಿ ಮಾಸ್ತರ ಯಾರಿಗೆ ಹೂಂ ಅನ್ನುತ್ತಾನೋ ಅವರಿಗೆ ಗಾಡಿ ಅಂತ ಮಾತಾಗಿತ್ತು.

ನಿರ್ಮಲಾಳನ್ನು ಮಾಸ್ತರ ಮೊದಲ ದಿನವೇ ದೊಡ್ಡ ಕಾರಿನಲ್ಲಿ ಕೂರಿಸಿದ. ಕೊಟ್ರಪ್ಪನ ಫೋನು ಬಂದಿತ್ತು, ಇನ್ನೇನು. ಅರುಣಾಳ ಕೈಗೆ ಕಸಬರಿಗೆ ಕೊಟ್ಟ.

"ಗುಡಸವಾ ತಂಗಿ. ಮುಂದ ಕಸದ ಗಾಡಿನ ಹೊಡಿಯಾಕಿ ಅದೀಯಲ್ಲ, ಈಗಿಂದನ ರೂಢಿ ಆಗ್ಲಿ."

ಹಮಾಲರು ಕೇಕೆ ಹಾಕಿದರು. ಅವರಲ್ಲಿ ಎಷ್ಟೋ ಮಂದಿ ಮನೋಹರನ ಜೊತೆ ಚೀಲ ಹೊತ್ತವರು. ಥೂ, ಅವರ ಬಾಯಿಗೆ ಮಣ್ಣು ಬೀಳಲಿ.

ದಿನಾ ಹೀಗೇ ನಡೆಯಿತು. ಅರುಣಾ ಬೆಳಗ್ಗೆ ತೊಟ್ಟು ಮುರಿದು, ಮಧ್ಯಾಹ್ನ ಬಂದು, ಗುಡಿಸಿ, ರಿಮೋಟ್ ಹಿಡಿದು ನಿಲ್ಲುತ್ತಿದ್ದಳು. ಹೋಗುವಾಗ ಕಾರು ಆಕೆ ಹೇಳಿದ ಹಾಗೆ ಕೇಳುತ್ತಿತ್ತು. ಬರುವಾಗ ಕಂಬ, ಇಲ್ಲ ಕಟ್ಟೆ, ಇಲ್ಲ ನನ್ನದೇ ಚೀಲದ ಅಟ್ಟಿ. ಅತ್ತ ರಸ್ತೆಯಲ್ಲಿ ನಿರ್ಮಲಾ ಮೂರನೇ ಗೇರಿಗೆ ಬಂದಿದ್ದಳು.

"ಎಡಾ ಯಾವ್ದು, ಬಲಾ ಯಾವ್ದು ಗೊತ್ತೈತೇನ? ಊಟಾ ಮಾಡೂ ಕೈ ಎತ್ತ," ಅನ್ನುತ್ತಿದ್ದ ಮಾಸ್ತರ. ಆಕೆ ಎತ್ತುತ್ತಿದ್ದಳು. "ಹಾಂ, ಅದು ಬಲಾ. ತೊಳ್ಕೊಳ್ಳೂ ಕೈ ಎತ್ತ." ಆಕೆ ಎತ್ತುತ್ತಿರಲಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಶೆಡ್ಡು ತುಂಬಾ ನಗು.

ಒಂದು ದಿನ ನಾನು ತಡೆಯಲಾರದೆ ಅಂಗಡಿಯಿಂದಲೇ ಕೂಗಿದೆ. "ಮಾಸ್ತರ, ಆಕಿ ಬಡವಿ ಅಂತ ಆಟಾ ಆಡಸಾಕತ್ತೀರೇನ? ದೊಡ್ಡ ಕಾರಿನಾಗ ಒಂದ್ ದಿನಾರ ಕುಂದರಸ್ರಿ!"

"ಬಿಸ್ಮಿಲ್ಲಾಬಿ, ನೀ ಚೀಲಾ ಹೊಲಿ. ಆಟಿಗಿ ತಿರುವಾಕ ಬರ್ಲಾರದಾಕಿ ಗಾಡಿ ಹತ್ತಿ ನಾಕ ಮಂದೀನ ಕೊಂದ್ರ ನೀ ಬರ್ತೀಯೇನ ಜೇಲಿಗೆ?"

ಮಾತು ಕೇಳಲು ಖರೇ ಅನ್ನಿಸುವಂತಿತ್ತು. ಅರುಣಾಳಿಗೂ ಖರೇ ಅನ್ನಿಸಿತು, ಅದೇ ಕೆಟ್ಟದ್ದು. ಆಕೆ ಬಸ್ಸಿಗೆ ಕಾಯುವಾಗ ನನ್ನ ಅಂಗಡಿಯ ಮೆಟ್ಟಿಲಲ್ಲಿ ಕೂತು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಳು. "ನನ್ನ ತಲ್ಯಾಗ ಏನೋ ಕಮ್ಮಿ ಐತಿ ಬಿಡ್ರಿ ಬೂಬಮ್ಮಾ," ಅನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ಬೈದರೆ ಧೈರ್ಯ ಬರುತ್ತದೆಯೇ.

ಇನ್ನೊಂದು ದಿನ ಮಳೆ ಜೋರಿತ್ತು, ದೊಡ್ಡ ಕಾರು ಹೊರಗೆ ತೆಗೆಯುವ ಹಾಗಿರಲಿಲ್ಲ. ಎಲ್ಲರೂ ಶೆಡ್ಡಿನೊಳಗೆ ಸೇರಿದ್ದರು. ಸಣ್ಣ ಕಾರಿನ ಬ್ಯಾಟರಿ ನನ್ನ ಅಂಗಡಿಯಲ್ಲಿ ಆಗ ತಾನೇ ಚಾರ್ಜ್ ಆಗಿ ತುಂಬಿತ್ತು. ಮಾಸ್ತರನಿಗೆ ಮಂದಿ ಕಂಡು ಹುರುಪು ಬಂತು. ಚಪ್ಪಲಿ ಬಿಟ್ಟು, ಪ್ಯಾಂಟಿನ ಅಂಚು ಮಡಚಿ, ಶೆಡ್ಡಿನ ನಡುಮಧ್ಯಕ್ಕೆ ಹೋಗಿ ಕಂಬದ ಹಾಗೆ ನಿಂತ.

"ಇವತ್ತ ನಾನ ಕಂಬ. ಪೂರ್ತಿ ಎಳಿ, ಸಾವಕಾಶ ಹೊಡದ್ರ ನಡೆಯೂದಿಲ್ಲ. ನನ್ನ ಬಲಕ್ಕ ಹೋಗಿ ಎಡಕ್ಕ ಹಾಯ್ದು ಬರಬೇಕು."

"ಬ್ಯಾಡ್ರಿ ಮಾಸ್ತರ, ನಿಮಗ ಬಡದೀತು."

"ಎಳೀ ಅಂದ್ನಿ!"

ಆಕೆ ಎಳೆದಳು. ಕಾರು ಆತನನ್ನು ಬಳಸಿ ಹೋಯಿತು, ಆ ತುದಿಯಲ್ಲಿ ತಿರುಗಿತು, ತಿರುಗಿ ನೇರ ಆತನ ಹಿಂದಿನಿಂದ ಬರತೊಡಗಿತು. ಅರುಣಾ ಆತನಿಂದ ದೂರ ತಿರುಗಿಸಲು ಚಕ್ರ ಹೊರಳಿಸಿದಳು. ಕಾರು ಆತನ ಕಡೆಗೇ ಹೊರಳಿತು. ಆಕೆ ಇನ್ನೂ ಜೋರಾಗಿ ಹೊರಳಿಸಿದಳು, ಕಾರು ಇನ್ನೂ ಹೊರಳಿತು. "ದೂರ ಸರೀರೀ!" ಅಂತ ಆಕೆ ಚೀರುವುದಕ್ಕೂ ಕಾರಿನ ಮೂತಿ ಆತನ ಬಲಗಾಲಿನ ಹಿಮ್ಮಡಿಗೆ ಬಡಿಯುವುದಕ್ಕೂ ಸರಿಹೋಯಿತು.

ನಾನು ಓಡಿಹೋದೆ. ಹಿಮ್ಮಡಿಯ ಮೇಲೆ ಚರ್ಮ ಕಿತ್ತು ರಕ್ತ ಬಂದಿತ್ತು. ಸಣ್ಣ ಗಾಯ. ನೆಲದ ಮೆಣಸಿನ ಪುಡಿ ಅದರ ಮೇಲೆಲ್ಲ ಹತ್ತಿತ್ತು. ನೋಡಿದ ನನಗೇ ಮೈ ಜುಮ್ಮೆಂದಿತು, ಆತ ಮಾತ್ರ ಹಲ್ಲು ಕಿರಿಯುತ್ತಾ ನಿಂತಿದ್ದ.

"ಉರಿಯೂದಿಲ್ಲೇನ್ರಿ ಮಾಸ್ತರ? ಖಾರ ಹೊಕ್ಕೈತಿ ನೋಡ್ರಿ."

"ನಂಗೇನ ಉರೀತೈತಿ. ಉರಿಯೂದು ಈಕಿಗೆ. ನೋಡ್ರೆಪಾ, ಗುರುವಿನ ಕಾಲಿಗೆ ಬೀಳ್ಬೇಕಿತ್ತು, ಗುರುವಿನ ಕಾಲಽ ಮುರದ್ಳು!"

ಎಲ್ಲರೂ ನಕ್ಕರು. ಸಕ್ಕರೆ ಕಾಯಿಲೆ ಆತನ ಪಾದದ ಸ್ಪರ್ಶವನ್ನೆಲ್ಲ ಎಂದೋ ತಿಂದುಹಾಕಿತ್ತು. ಅದು ಆತನಿಗೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮಂದಿಯೆದುರು ಗಂಡಸುತನ ತೋರಿಸಿದನೋ, ಆತನೇ ಹೇಳಬೇಕು. ಆ ಕಾಲು ತೊಳೆಯದೆ ಮರುದಿನವೂ ಬಂದ, ಅದರ ಮರುದಿನವೂ ಬಂದ. ಹೆಂಡತಿ ಶ್ರೀದೇವಿ ದವಾಖಾನೆಗೆ ಹೋಗೋಣ ಅಂದರೆ ಬೈದನಂತೆ. ಗಾಯ ಕಪ್ಪಾಗಿ, ವಾಸನೆ ಹೊಡೆದು, ಜ್ವರ ಏರಿದ ಮೇಲೆ ದಾವಣಗೆರೆಗೆ ಒಯ್ದರು. ಅಲ್ಲಿ ಪಾದ ತೆಗೆದರು. ಆಕ್ಸಿಲರೇಟರ್ ಒತ್ತುವ ಪಾದ.

ಊರಿಗೆ ಬೇರೆ ಮಾತು ಬೇಕಾಗಲಿಲ್ಲ. ಅರುಣಾ ಮಾಸ್ತರನ ಕಾಲು ತೆಗೆದವಳಾದಳು. ಬಸ್ಸಿನಲ್ಲಿ ಅಂದರು, ತೊಟ್ಟು ಮುರಿಯುವ ಕಡೆ ಅಂದರು, ಬೇಕಂತಲೇ ಹೊಡೆದಳು ಅಂತಲೂ ಅಂದರು. ಸಂಘದ ಹೆಂಗಸರೂ ತಿರುಗಿಬಿದ್ದರು. ಆಟಿಗೆ ಕಾರಿನಿಂದ ಒಬ್ಬನ ಕಾಲು ತೆಗೆದವಳ ಕೈಗೆ ಕಸದ ಗಾಡಿ ಕೊಟ್ಟರೆ ಊರಲ್ಲಿ ಯಾರ ಕಾಲೂ ಉಳಿಯುವುದಿಲ್ಲ ಅಂತ ಅವರ ನ್ಯಾಯ. ನಿರ್ಮಲಾ ಅಷ್ಟರಲ್ಲಿ ಹಾವೇರಿಗೆ ಹೋಗಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಂದಿದ್ದಳು. ಅರುಣಾಳ ಬಳಿ ಇದ್ದದ್ದು ಕಲಿಯುವವರ ಪರವಾನಗಿ ಒಂದೇ.

ಸಣ್ಣ ಕಾರು, ರಿಮೋಟು, ಪೆಟ್ಟಿಗೆ ಎಲ್ಲ ನನ್ನ ಅಂಗಡಿಯಲ್ಲೇ ಉಳಿದಿತ್ತು. ಒಂದು ಮಧ್ಯಾಹ್ನ ಅರುಣಾ ಬಂದು, "ಬೂಬಮ್ಮಾ, ಅದನ್ನ ಒಂದೀಟ ಕೊಡ್ರಿ," ಅಂದಳು. ಒಡೆದುಹಾಕಲು ಬಂದಿದ್ದಾಳೆ ಅಂತ ನಾನು ಖುಷಿಯಿಂದಲೇ ಕೊಟ್ಟೆ. ಆಕೆ ಒಡೆಯಲಿಲ್ಲ. ಖಾಲಿ ಶೆಡ್ಡು ಗುಡಿಸಿ, ಓಡಿಸತೊಡಗಿದಳು. ನಗಲು ಯಾರೂ ಇರಲಿಲ್ಲ. ಅಲ್ಲಿ ನಿಂತು ಓಡಿಸಿದಳು, ಇಲ್ಲಿ ನಿಂತು ಓಡಿಸಿದಳು. ಆಮೇಲೆ ಕಾರಿಗೆ ಬೆನ್ನು ತಿರುಗಿಸಿ, ಹೆಗಲ ಮೇಲಿಂದ ಹಿಂದೆ ನೋಡುತ್ತಾ ಓಡಿಸಿದಳು. ಕಾರು ಆಕೆಯ ಕಾಲ ಬಳಿ ನೆಟ್ಟಗೆ ಬಂದು ನಿಂತಿತು. ಇನ್ನೊಮ್ಮೆ ಓಡಿಸಿದಳು, ಇನ್ನೊಮ್ಮೆಯೂ ಬಂದು ನಿಂತಿತು.

"ಬೂಬಮ್ಮಾ, ಇಲ್ಲಿ ಬರ್ರಿ ಲಗೂ!" ಅಂತ ಕೂಗಿದಳು. "ಅದು ನಮ್ಮ ಕಡೆ ಮುಖಾ ಮಾಡಿ ಬರುವಾಗ ಅದರ ಎಡಾ ನಮ್ಮ ಬಲಾ ಆಕ್ಕೈತಿ. ಅಷ್ಟಽ ರೀ! ನಾ ಒಳಗ ಕುಂತೇನಿ ಅಂತ ತಿಳಕೊಂಡ ಹೊಡದ್ರ ಎಲ್ಲೂ ತಪ್ಪೂದಿಲ್ಲ. ನನ್ನ ತಲಿ ಸರಿ ಐತ್ರಿ!"

ಕುಣಿಯುವುದೊಂದು ಬಾಕಿ. ನಾನೂ ನಕ್ಕೆ. ಆಮೇಲೆ ಆಕೆಯ ಮುಖ ಇಳಿಯಿತು. "ಹಂಗಾದ್ರ ಮಾಸ್ತರಗ ಇದು ಗೊತ್ತಿತ್ತು," ಅಂದಳು.

ನಾನು ಅಲ್ಲೇ ಎದ್ದು ದಲಾಲ ನಿಜಲಿಂಗಪ್ಪನ ಅಂಗಡಿಗೆ ಹೋಗಿ ಕೇಳಿದೆ. ಆತ ಗದ್ದಿಗೆಯ ಮೇಲೆ ಹೊರಳಿ ನಕ್ಕ. "ನಾನ ಹೇಳಿಕೊಟ್ಟಿದ್ನಲ್ಲಬೇ, ಮೊದಲನೇ ದಿನಾನ! ಒಂದ ಮಾತಿನ ಕೆಲಸ. ಯಾರಿಗೂ ಹೇಳಬ್ಯಾಡ, ಮಜಾ ಇರ್ತೈತಿ ಅಂದಿದ್ದೆ. ಪಟ್ಟು ಹಿಡದು ಇಟಗೊಂಡಾನ ನೋಡ ಮಗಾ!"

ಒಂದು ಮಾತು. ಆ ಒಂದು ಮಾತು ಹೇಳಿದ್ದರೆ ಅರುಣಾ ಮೊದಲ ದಿನವೇ ದೊಡ್ಡ ಕಾರು ಹತ್ತುತ್ತಿದ್ದಳು. ಆತನ ಪಾದವೂ ಉಳಿಯುತ್ತಿತ್ತು. ಹೇಳಲಿಲ್ಲ, ಹಾಳಾದವನು.

ಅರುಣಾ ಕೊಟ್ರಪ್ಪನ ಮನೆಗೆ ಹೋಗಿ ಕೈಮುಗಿದಳು. ಪರೀಕ್ಷೆಗೆ ಇನ್ನೊಂದು ತಿಂಗಳು ಕೊಡಿ, ರಾಣೆಬೆನ್ನೂರಿಗೆ ಹೋಗಿಯಾದರೂ ಕಲಿತು ಬರುತ್ತೇನೆ ಅಂದಳು. ಕೊಟ್ರಪ್ಪ ಜಾಣ. ಇಲ್ಲ ಅಂದರೆ ತನ್ನ ಮನೆಯವಳಿಗೇ ಕೊಟ್ಟ ಅಂತ ಮಂದಿ ಆಡಿಕೊಳ್ಳುತ್ತಾರೆ. ಅದಕ್ಕೆ, "ಮಾಸ್ತರು ಈಕಿಗೆ ಗಾಡಿ ಬರ್ತೈತಿ ಅಂತ ಒಂದ್ ಮಾತ ಹೇಳಲಿ, ಕಾಯ್ತೇನಿ. ಹೇಳದಿದ್ರ ನಿರ್ಮಲಾಗ," ಅಂದ. ಹೀಗೆ ಒಂದು ಬೆಳಗ್ಗೆ ನಾವೆಲ್ಲ ಮಾಸ್ತರನ ಮನೆಗೆ ಹೋದೆವು. ಕೊಟ್ರಪ್ಪ, ನಿರ್ಮಲಾ, ಅರುಣಾ, ಕಾರಿನ ಪೆಟ್ಟಿಗೆ ಹಿಡಿದುಕೊಂಡು ನಾನು.

ಮಾಸ್ತರ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಅರ್ಧ ಆಗಿದ್ದ. ಮೊಂಡುಗಾಲಿನ ಮೇಲೆ ಟವೆಲು. ಅರುಣಾ ಒಳಗೆ ಕಾಲಿಟ್ಟವಳೇ ಮಂಚದ ಕೆಳಗೆ ನೆಲಕ್ಕೆ ಹಣೆ ಹಚ್ಚಿ ಅತ್ತಳು. "ತಪ್ಪಾತ್ರಿ ಸರ್," ಅಂದಳು. ಇವಳದೇನು ತಪ್ಪು? ಆತ ಕೈ ಆಡಿಸಿ, "ಆತಾತು, ಏಳು," ಅಂದ. ಧ್ವನಿ ಮೆತ್ತಗಿತ್ತು. ಶ್ರೀದೇವಿ ಚಹಾ ತಂದಳು. ನನಗೂ ಒಂದು ಕ್ಷಣ ಆಸೆ ಹುಟ್ಟಿತು, ಸುಳ್ಳು ಹೇಳುವುದಿಲ್ಲ.

ಕೊಟ್ರಪ್ಪ ವಿಷಯ ಹೇಳಿದ.

"ಸರ್, ನೀವು ಹೇಳಿದ್ದನ್ನ ಹೊಡದ ತೋರಸ್ತೇನಿ, ನೋಡ್ರಿ," ಅಂದಳು ಅರುಣಾ. ನಾನು ಪೆಟ್ಟಿಗೆ ಬಿಚ್ಚಿದೆ.

ಆ ಪಡಸಾಲೆಯ ನೆಲ ನುಣುಪಿತ್ತು. ಅರುಣಾ ಬಾಗಿಲ ಬಳಿ ನಿಂತಳು. ಕೆನೆ ಬಣ್ಣದ ಕಾರು ಮಂಚದ ಕಾಲುಗಳ ನಡುವೆ ನುಗ್ಗಿ, ಆ ಕಡೆ ಗೋಡೆಯ ಹತ್ತಿರ ತಿರುಗಿ, ಕುರ್ಚಿಗಳ ಸಂದಿಯಲ್ಲಿ ಹಾಯ್ದು, ನಮ್ಮ ಕಡೆ ಮುಖ ಮಾಡಿ ಬಂತು. ಎಲ್ಲೂ ತಾಗಲಿಲ್ಲ. ನೆಲದ ಮೇಲಿದ್ದ ಚಹಾದ ಬಟ್ಟಲನ್ನು ಬಳಸಿ, ಕೊಟ್ರಪ್ಪನ ಕಾಲ ಮುಂದೆ ಬಂದು ನಿಂತಿತು. ಮತ್ತೆ ಹೋಯಿತು, ಮತ್ತೆ ಬಂತು. ನಿರ್ಮಲಾ ತನಗೇ ತಿಳಿಯದೆ ಚಪ್ಪಾಳೆ ತಟ್ಟಿದಳು.

"ಯವ್ವಾ, ಎಷ್ಟ ಚಂದ ಹೊಡೀತಾಳ ನೋಡ್ರಿ," ಅಂದಳು ಶ್ರೀದೇವಿ ಗಂಡನಿಗೆ.

ನಾನು ಮಾಸ್ತರನ ಮುಖವನ್ನೇ ನೋಡುತ್ತಿದ್ದೆ. ಆ ಮೆತ್ತಗಿನ ಮುಖ ಬಿಗಿಯುತ್ತಾ ಹೋಯಿತು. ದೊಡ್ಡ ಕಾರು ಆತನ ಕಾಲಿನ ಜೊತೆಗೇ ಹೋಗಿತ್ತು. ಈ ಮೊಳದುದ್ದದ ಕಾರೊಂದನ್ನು ತನ್ನ ಹೊರತು ಯಾರೂ ತಿರುಗಿಸಲಾರರು ಅನ್ನುವುದಷ್ಟೇ ಉಳಿದಿತ್ತು. ಅದನ್ನೂ ಈಗ ತೊಟ್ಟು ಮುರಿಯುವ ಹೆಂಗಸು ಆತನ ಮನೆಯಲ್ಲೇ, ಆತನ ಹೆಂಡತಿಯ ಎದುರೇ ತಿರುಗಿಸುತ್ತಿದ್ದಳು.

"ಹೇಳ್ರಿ ಮಾಸ್ತರ. ಈಕಿಗೆ ಬರ್ತೈತೋ ಇಲ್ಲೋ?" ಅಂದ ಕೊಟ್ರಪ್ಪ.

ಮಾಸ್ತರ ನಕ್ಕ. ಅದೇ ಶೆಡ್ಡಿನ ನಗು.

"ಅಲ್ರೀ ಅಧ್ಯಕ್ಷರ, ಅದು ಆಟಿಗಿ. ಆಟಿಗಿ ತಿರುವಿದವರಿಗೆಲ್ಲಾ ಸರಕಾರದ ಗಾಡಿ ಕೊಡಾವ್ರೇನ ನೀವು? ಈಕಿ ಇವತ್ತಿನ ತನಾ ಖರೇ ಕಾರಿನ ಸ್ಟೇರಿಂಗ್ ಮುಟ್ಟಿಲ್ಲ. ಬೇಕಾದ್ರ ಈಕಿನ್ನಽ ಕೇಳ್ರಿ."

ಕೊಟ್ರಪ್ಪ ಅರುಣಾಳ ಕಡೆ ತಿರುಗಿದ. "ಹೌದೇನ? ಒಂದ್ ದಿನಾನೂ ಮುಟ್ಟಿಲ್ಲೇನ?"

"ಅವರಽ... ಕುಂದರಸಲಿಲ್ರಿ," ಅಂದಳು ಅರುಣಾ.

"ಮುಟ್ಟೀಯೋ, ಇಲ್ಲೋ?"

"ಇಲ್ರಿ."

ನಾನು ಸುಮ್ಮನಿರಲಿಲ್ಲ. ನಿಜಲಿಂಗಪ್ಪ ಹೇಳಿದ್ದನ್ನೆಲ್ಲ ಆ ಪಡಸಾಲೆಯಲ್ಲೇ ಬಿಚ್ಚಿ ಹೇಳಿದೆ. "ನಿನಗ ಮೊದಲ ದಿನಾನ ಗುಟ್ಟು ಹೇಳಿದ್ರು, ನೀ ಈಕಿಗೆ ಹೇಳ್ಲಿಲ್ಲ! ನಿನ್ನ ಕಾಲ ನೀನಽ ತಕ್ಕೊಂಡಿ!" ಅಂತ ಅರಚಿದೆ. ಕೊಟ್ರಪ್ಪ, "ಬೂಬಮ್ಮಾ, ಕಾಲ ಕಳಕೊಂಡ ಮನಶ್ಯಾಗ ಹಿಂಗ ಮಾತಾಡೂದ ಪಾಪ," ಅಂದ. ಶ್ರೀದೇವಿ ಒಳಗೆ ಹೋಗಿ ನಿಂತುಕೊಂಡಳು. ಮಾಸ್ತರ ಟವೆಲು ಸರಿಮಾಡಿಕೊಂಡ. ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಕೊಟ್ರಪ್ಪ ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟ. "ನೋಡವಾ ಅರುಣಾ, ನಾ ಏನ್ ಕಟುಕ ಅಲ್ಲ. ಗಾಡಿ ನಿರ್ಮಲಾ ಹೊಡೀತಾಳ. ಗಾಡಿ ಹಿಂದ ನಡ್ಕೋತ ಮನಿ ಮನಿ ಕಸಾ ಎತ್ತಿ ಹಾಕಾಕ ಒಬ್ಬಾಕಿ ಬೇಕು. ಅದನ್ನ ನಿನಗ ಕೊಡ್ತೇನಿ. ಹಸಿ ಕಸಾ ಒಣಾ ಕಸಾ ಕೈಲೆ ಬ್ಯಾರೆ ಮಾಡಬೇಕು, ಅಷ್ಟ. ಖಾರಂತೂ ಇರೂದಿಲ್ಲಲ್ಲ. ಆಗ್ತೈತೇನ?"

ಬೇಡ ಅನ್ನು ಅಂತ ನಾನು ಕಣ್ಣಲ್ಲೇ ಹೇಳಿದೆ. ರಿಮೋಟನ್ನು ಆ ಮಂಚದ ಮೇಲೆ ಎಸೆದು ಎದ್ದು ಬಾ, ಹೋಗೋಣ ಅಂತ ನನ್ನ ಜೀವ ಕೂಗುತ್ತಿತ್ತು. ಅರುಣಾ ನನ್ನ ಕಡೆ ನೋಡಲಿಲ್ಲ. ಬಗ್ಗಿ ಕಾರನ್ನು ಎತ್ತಿಕೊಂಡು, ಅದರ ಗಾಲಿಗೆ ಹತ್ತಿದ್ದ ಧೂಳನ್ನು ಸೆರಗಿನಿಂದ ಒರೆಸಿ, ಮಾಸ್ತರನ ಮಗ್ಗುಲಲ್ಲಿ ಇಟ್ಟಳು.

"ಯಾವತ್ತಿಂದ ಬರ್ಬೇಕ್ರಿ?" ಅಂತ ಕೊಟ್ರಪ್ಪನನ್ನು ಕೇಳಿದಳು.